‘ರೈತನ ಮಿತ್ರ’ ಅನ್ನೋದು ಆಮೇಲೆ

ಎರೆಹುಳು ಅಂದರೆ ಸಾಕು, ನಮ್ಮ ನಲಿ-ಕಲಿ (ಒಂದರಿಂದ ಮೂರನೇ ತರಗತಿ) ಮಕ್ಕಳು ಒಂದೇ ರಾಗದಲ್ಲಿ ‘ರೈತನ ಮಿತ್ರ’ ಅಂತಾರೆ. ಹುಳು ಎದುರಿಗೆ ತಂದಿಟ್ಟರೆ ಅದೇ ಮಕ್ಕಳು ಗೋಡೆಗೆ ಅಂಟಿಕೊಳ್ತಾರೆ. ಅದಕ್ಕೇ ಈ ಸಲ ಷರತ್ತು ಹಾಕಿದೆ: ಆ ಮಾತು ಯಾರೂ ಎತ್ತಬಾರದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿಸಿದ್ದು ಮಾತ್ರ ಹೇಳಬೇಕು.

ಕೋಲಾರದ ಕಡೆ ಬೇಸಿಗೆಯಲ್ಲಿ ಹುಡುಕಿದರೆ ಹುಳು ಸಿಗೋದು ಕಷ್ಟ. ಕೆಮ್ಮಣ್ಣು ಒಣಗಿದ ಹಾಗೆಲ್ಲ ಆಳಕ್ಕೆ ಇಳಿದುಬಿಡುತ್ತವೆ. ಮಳೆ ಹಿಡಿದ ಮೇಲೆ, ಕೈತೊಳೆದ ನೀರು ಹರಿಯುವ ಬಾಳೆಬುಡದಲ್ಲಿ ಅಗೆದೆವು. ಹಾರೆ ಹಿಡಿದವನು ಮೂರನೇ ತರಗತಿಯವನು. ಬೆಂಗಳೂರಿಂದ ಶುದ್ಧೀಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರಿನಿಂದ ಕೆರೆ ತುಂಬಿದ ಮೇಲೆ ಅಣ್ಣನ ಜೊತೆ ಗಾಳ ಹಾಕಲು ಹೋಗುವ ಹುಡುಗ. ಓದೋದರಲ್ಲಿ ಹಿಂದೆ, ಹುಳು ಹಿಡಿಯೋದರಲ್ಲಿ ನನಗಿಂತ ಮುಂದೆ.

ಸ್ಟೀಲ್ ತಟ್ಟೆಗೆ ಒದ್ದೆ ಪೇಪರ್ ಹಾಸಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿದೆವು. ಹುಳು ಉಸಿರಾಡೋದೇ ಚರ್ಮದಿಂದ, ಒಣಗಿದರೆ ಕಥೆ ಮುಗಿಯಿತು. ತಲೆ ಯಾವ ಕಡೆ? “ಹೋಗ್ತಾ ಇರೋ ಕಡೆ ಮಿಸ್” ಅನ್ನೋಷ್ಟರಲ್ಲಿ ಅದು ಹಿಂದಕ್ಕೂ ಸರಿಯಿತು! ವಾದ ಜೋರಾಯಿತು. ಕೊನೆಗೆ ಒಬ್ಬಳು, “ಇದು ಉಂಗುರ ಹಾಕ್ಕೊಂಡಿದೆ” ಅಂದಳು. ಬೆಳೆದ ಹುಳುವಿಗೆ ಮಾತ್ರ ಇರುವ ಪಟ್ಟಿ ಅದು, ತಲೆಗೆ ಹತ್ತಿರ ಇರುತ್ತದೆ. ಇನ್ನೊಂದು ತಟ್ಟೆಯ ಸಣ್ಣ ಹುಳುವಿಗೆ ಉಂಗುರವೇ ಇರಲಿಲ್ಲ.

ಆಮೇಲೆ ಫ್ಯಾನ್ ನಿಲ್ಲಿಸಿ, ಒಂದು ಹುಳುವನ್ನು ಸ್ವಲ್ಪ ಹೊತ್ತು ಒಣ ಪೇಪರ್ ಮೇಲೆ ಬಿಟ್ಟೆ. ಒಬ್ಬೊಬ್ಬರೇ ಕಿವಿ ಇಟ್ಟರು. ಸಣ್ಣಗೆ ಸರಸರ. “ಕಾಲೇ ಇಲ್ಲ, ಸದ್ದು ಎಲ್ಲಿಂದ ಮಿಸ್?” ಮೈಮೇಲಿನ ಸಣ್ಣ ಬಿರುಗೂದಲು ಪೇಪರ್‌ಗೆ ಉಜ್ಜುವ ಸದ್ದದು. ಲೆನ್ಸ್ ಹಿಡಿದರೂ ಎಲ್ಲರಿಗೂ ಕಾಣಲಿಲ್ಲ. ಕಿವಿಗೆ ಸಿಕ್ಕಿದ್ದು ಕಣ್ಣಿಗೆ ಸಿಗದ ಪಾಠ ನನಗೆ ಬಲು ಇಷ್ಟ.

ಹುಳುವಿನ ಮುಂದೆ ಎಲ್ಲರೂ ಕಿರುಚಿಯೂ ನೋಡಿದರು. ಅದು ಕ್ಯಾರೇ ಅನ್ನಲಿಲ್ಲ. ತಟ್ಟೆ ಇಟ್ಟ ಟೇಬಲ್ ಗುದ್ದಿದರೆ ಥಟ್ಟನೆ ಮುದುಡಿಕೊಂಡಿತು. ಚಾರ್ಲ್ಸ್ ಡಾರ್ವಿನ್ ಕೂಡ ಹುಳುಗಳ ಮುಂದೆ ಕೂಗಿ ನೋಡಿ, ಕುಂಡವನ್ನು ಪಿಯಾನೊ ಮೇಲಿಟ್ಟು ನುಡಿಸಿ ಇದನ್ನೇ ಕಂಡಿದ್ದ, 1881ರಲ್ಲಿ ಬರೆದೂ ಇಟ್ಟ. ದೊಡ್ಡ ಮೀಸೆ-ಗಡ್ಡದ ತಾತನೂ ಹುಳುವಿಗೆ ಕಿರುಚಿದ್ದ ಅಂದಾಗ ಮಕ್ಕಳು ಬಿದ್ದುಬಿದ್ದು ನಕ್ಕರು.

ಮಿತ್ರ ಯಾಕೆ ಅನ್ನೋದನ್ನು ಬಾಟಲಿಗೆ ಬಿಟ್ಟೆ. ಕತ್ತರಿಸಿದ ನೀರಿನ ಬಾಟಲಿಗೆ ಕೆಮ್ಮಣ್ಣು, ಮರಳು ಪದರಪದರವಾಗಿ ತುಂಬಿ, ಹುಳು ಬಿಟ್ಟು, ಮೇಲೆ ತರಗೆಲೆ ಹಾಕಿ, ಸುತ್ತ ಕಪ್ಪು ಪೇಪರ್ ಸುತ್ತಿ. ದಿನ ಕಳೆದಂತೆ, ಹುಳುವೇ ಮಣ್ಣು ಉತ್ತ ಹಾಗೆ, ಪದರಗಳ ಗೆರೆ ಕಲಸಿಹೋಗುತ್ತದೆ. ಇದಕ್ಕೆ ಹೊಲದ ಹುಳುವೇ ಆಗಬೇಕು. ಎರೆಗೊಬ್ಬರದ ತೊಟ್ಟಿಯವು ಮೇಲ್ಮೇಲೇ ಕಸ ತಿನ್ನುತ್ತಾ ಇರುತ್ತವೆ, ಆಳಕ್ಕೆ ಬಿಲ ತೋಡೋದಿಲ್ಲ.

ಈ ಪಾಠ ಬೆಳಗಿನ ಮೊದಲ ಪೀರಿಯಡ್ಡಿಗೇ ಇಟ್ಟುಕೊಳ್ಳಿ. ಬಿಸಿಯೂಟ ಆದಮೇಲೆ ಬೇಡ, ಉಪ್ಪು ಹತ್ತಿದ ಕೈ ಹುಳುವಿಗೆ ಆಗೋದಿಲ್ಲ. ಬಿಸಿಲೇರುವ ಮುಂಚೆ ನೆರಳಿನ ತೇವಕ್ಕೆ ಬಿಟ್ಟು ತರಗೆಲೆ ಮುಚ್ಚಿ, ಇಲ್ಲದಿದ್ದರೆ ಇರುವೆ ಮುತ್ತುತ್ತವೆ. ಆಮೇಲೆ ಎಲ್ಲರ ಕೈಗೂ ಸೋಪು.