ನೇರ ಗೆರೆ ಡೊಂಕಾಗಿ ಕಂಡರೆ: ಪಿಸಿವಿ ಪತ್ತೆ ಮತ್ತು ಚಿಕಿತ್ಸೆ ಹೇಗೆ?

ಗೋಡೆಯ ಕ್ಯಾಲೆಂಡರಿನ ಗೆರೆಗಳು ಒಂದು ಕಣ್ಣಿಗೆ ಮಾತ್ರ ಡೊಂಕಾಗಿ ಕಾಣುವುದು, ಓದುವಾಗ ಸಾಲಿನ ನಡುವೆ ಕಪ್ಪು ಮಸುಕು ಬಂದು ನಿಲ್ಲುವುದು ಐವತ್ತು ದಾಟಿದವರಲ್ಲಿ ಕಂಡುಬಂದರೆ, ಪೊರೆ ಬಂದಿರಬೇಕೆಂದು ಸುಮ್ಮನಿರುವಂತಿಲ್ಲ. ಇದಕ್ಕೆ ಕಾರಣವಾಗಬಲ್ಲ ರೋಗಗಳಲ್ಲಿ ಪಾಲಿಪಾಯ್ಡಲ್ ಕೊರಾಯ್ಡಲ್ ವ್ಯಾಸ್ಕ್ಯುಲೋಪತಿ, ಚಿಕ್ಕದಾಗಿ ಪಿಸಿವಿ, ಒಂದು. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರವಾದ ರೆಟಿನಾದ ಹಿಂದಿರುವ ಕೊರಾಯ್ಡ್ ಪದರದಿಂದ ಬಂದ ಅಸಹಜ ರಕ್ತನಾಳಗಳು ಕವಲೊಡೆದು, ತುದಿಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಉಬ್ಬಿ, ನೀರನ್ನೂ ರಕ್ತವನ್ನೂ ಒಸರುತ್ತವೆ. ಅಮೆರಿಕದ ವೈದ್ಯ ಲಾರೆನ್ಸ್ ಯಾನುಝಿ 1982ರಲ್ಲಿ ಇದನ್ನು ಮೊದಲು ವಿವರಿಸಿದರು. ಏಷ್ಯಾದವರಲ್ಲಿ ಇದು ಹೆಚ್ಚು ಎಂಬುದು ಆಮೇಲೆ ತಿಳಿಯಿತು. ವಯೋಸಹಜ ಮ್ಯಾಕ್ಯುಲಾ (ರೆಟಿನಾದ ನಡುಭಾಗ) ಸವೆತವೆಂದು ಚೀಟಿಯಲ್ಲಿ ಬರೆಸಿಕೊಂಡು ಬಂದವರಲ್ಲಿ ಕೆಲವರಿಗೆ ಇರುವುದು ವಾಸ್ತವದಲ್ಲಿ ಪಿಸಿವಿ.

ಮೊದಲ ಹಂತ ಮನೆಯಲ್ಲೇ ಆಗಬೇಕು. ಓದುವ ಕನ್ನಡಕ ಹಾಕಿಕೊಂಡು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಚೌಕಳಿ ಗೆರೆಗಳ ಹಾಳೆಯನ್ನು ಒಂದು ಅಡಿ ದೂರದಲ್ಲಿ ಹಿಡಿದು ನಡುವಿನ ಚುಕ್ಕೆಯನ್ನು ನೋಡಿ. ಬಳಿಕ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದು ನೋಡಿದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ದೋಷವನ್ನು ಮುಚ್ಚಿಹಾಕುತ್ತದೆ. ಗೆರೆ ಬಾಗಿದ್ದರೆ ಕೆಲವೇ ದಿನಗಳೊಳಗೆ, ದೃಷ್ಟಿ ದಿಢೀರನೆ ಕುಸಿದಿದ್ದರೆ ಅದೇ ದಿನ, ರೆಟಿನಾ ತಜ್ಞರನ್ನು ಕಾಣಬೇಕು.

ಅಲ್ಲಿ ಹನಿ ಹಾಕಿ ಪಾಪೆ ಹಿಗ್ಗಿಸಿ ನೋಡುತ್ತಾರೆ. ಕಿತ್ತಳೆ-ಕೆಂಪು ಬಣ್ಣದ ಗಂಟುಗಳು, ರೆಟಿನಾದಡಿ ಹರಡಿದ ರಕ್ತ ಕಂಡರೆ ಪಿಸಿವಿಯ ಗುಮಾನಿ ಬಲವಾಗುತ್ತದೆ. ಮುಂದಿನದು ಒಸಿಟಿ ಸ್ಕ್ಯಾನ್, ಅಂದರೆ ಬೆಳಕಿನ ನೆರವಿನಿಂದ ರೆಟಿನಾದ ಪದರಗಳ ಅಡ್ಡಸೀಳಿಕೆಯ ಚಿತ್ರ ತೆಗೆಯುವುದು. ಸೂಜಿಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ರೆಟಿನಾದ ವರ್ಣಕ ಪದರ ಚೂಪಾಗಿ ಮೇಲೆದ್ದಿರುವುದು, ಅದರ ಕೆಳಗೆ ಉಂಗುರದಂತಹ ಆಕೃತಿ ಕಾಣುವುದು, ಪಕ್ಕದಲ್ಲಿ ಎರಡು ಗೆರೆಗಳು ಸಮಾನಾಂತರವಾಗಿ ಸಾಗುವುದು ಇದರ ಗುರುತುಗಳು.

ಖಚಿತಪಡಿಸುವ ಪರೀಕ್ಷೆ ಐಸಿಜಿ (ಇಂಡೋಸಯನೀನ್ ಗ್ರೀನ್) ಆಂಜಿಯೋಗ್ರಫಿ, ಅಂದರೆ ರಕ್ತಕ್ಕೆ ಬಣ್ಣ ಸೇರಿಸಿ ಕಣ್ಣಿನ ನಾಳಗಳ ಚಿತ್ರ ತೆಗೆಯುವುದು. ರೂಢಿಯಲ್ಲಿರುವ ಹಳದಿ ಫ್ಲೋರೆಸೀನ್ ಬಣ್ಣ ಕೊರಾಯ್ಡಿನ ಸಣ್ಣ ನಾಳಗಳಿಂದ ಬೇಗ ಹೊರಗೆ ಸೋರಿ ಚಿತ್ರವನ್ನು ಮಂಕಾಗಿಸುತ್ತದೆ. ಹಸಿರು ಐಸಿಜಿ ಬಹುತೇಕ ಪೂರ್ತಿಯಾಗಿ ರಕ್ತದ ಪ್ರೋಟೀನಿಗೆ ಅಂಟಿಕೊಂಡು ನಾಳದೊಳಗೇ ಉಳಿಯುತ್ತದೆ. ಅದನ್ನು ಹಿಡಿಯುವ ಅವಕೆಂಪು ಕ್ಯಾಮೆರಾಕ್ಕೆ ವರ್ಣಕ ಪದರವಾಗಲಿ ತೆಳುವಾದ ರಕ್ತವಾಗಲಿ ಹೆಚ್ಚು ಅಡ್ಡಿಯಾಗುವುದಿಲ್ಲ. ಕೈನರಕ್ಕೆ ಬಣ್ಣ ಕೊಟ್ಟ ಮೊದಲ ಆರು ನಿಮಿಷಗಳೊಳಗೆ ಉಬ್ಬುಗಳು ಹೊಳೆಯುವ ಚುಕ್ಕೆಗಳಾಗಿ ಮೂಡುತ್ತವೆ. ಅಯೋಡಿನ್ ಅಲರ್ಜಿ, ಯಕೃತ್ತಿನ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಈ ಸೌಲಭ್ಯ ಎಲ್ಲೆಡೆ ಇಲ್ಲ. ಒಳ್ಳೆಯ ಒಸಿಟಿಯಿಂದಲೇ ಬಹಳಷ್ಟು ರೋಗಿಗಳಲ್ಲಿ ಚಿಕಿತ್ಸೆ ಆರಂಭಿಸಬಹುದು. ಆದರೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರೂ ನೀರು ಇಳಿಯದಿದ್ದರೆ, ಐಸಿಜಿ ಮಾಡಿಸೋಣವೇ ಎಂದು ರೋಗಿಯೇ ಕೇಳುವುದರಲ್ಲಿ ತಪ್ಪೇನಿಲ್ಲ.

ಚಿಕಿತ್ಸೆಗೆ ಎರಡು ದಾರಿಗಳಿವೆ. ಒಂದು, ರಾನಿಬಿಝುಮಾಬ್, ಅಫ್ಲಿಬರ್ಸೆಪ್ಟ್‌ನಂತಹ ವಿಇಜಿಎಫ್ (ರಕ್ತನಾಳಗಳನ್ನು ಬೆಳೆಸಿ ಸೋರುವಂತೆ ಮಾಡುವ ಪ್ರೋಟೀನು) ತಡೆಯುವ ಔಷಧವನ್ನು ಮರಗಟ್ಟಿಸಿದ ಕಣ್ಣಿನೊಳಗೆ ಚುಚ್ಚುವುದು. ಮೊದಲ ಮೂರು ಸಾಮಾನ್ಯವಾಗಿ ತಿಂಗಳಿಗೊಂದರಂತೆ. ಇನ್ನೊಂದು, ಇದರ ಜೊತೆಗೆ ಫೋಟೋಡೈನಮಿಕ್ ಚಿಕಿತ್ಸೆ, ಅಂದರೆ ಬೆಳಕಿಗೆ ಸ್ಪಂದಿಸುವ ಔಷಧ ಕೊಟ್ಟು ಲೇಸರ್ ಹಾಯಿಸುವುದು. ಎವರೆಸ್ಟ್-2 ಅಧ್ಯಯನದಲ್ಲಿ ರಾನಿಬಿಝುಮಾಬ್ ಒಂದನ್ನೇ ಪಡೆದವರ ದೃಷ್ಟಿ ಒಂದು ವರ್ಷದಲ್ಲಿ ದೃಷ್ಟಿ ಪರೀಕ್ಷೆಯ ಫಲಕದಲ್ಲಿ ಸರಾಸರಿ 5.1 ಅಕ್ಷರಗಳಷ್ಟು ಸುಧಾರಿಸಿದರೆ, ಎರಡನ್ನೂ ಪಡೆದವರಲ್ಲಿ 8.3ರಷ್ಟು ಸುಧಾರಿಸಿತು, ಉಬ್ಬುಗಳು ಪೂರ್ತಿ ಮುಚ್ಚಿಕೊಂಡ ಪ್ರಮಾಣ ಕ್ರಮವಾಗಿ ಶೇ 34.7 ಮತ್ತು ಶೇ 69.3. ಅಫ್ಲಿಬರ್ಸೆಪ್ಟ್ ಬಳಸಿದ ಪ್ಲಾನೆಟ್ ಅಧ್ಯಯನದಲ್ಲಾದರೋ ಲೇಸರ್ ಇಲ್ಲದೆ ಇಂಜೆಕ್ಷನ್‌ಗಳಿಂದಲೇ ಸುಮಾರು 10.7 ಅಕ್ಷರಗಳ ಲಾಭ ದೊರೆತು, ಹೆಚ್ಚಿನವರಿಗೆ ಲೇಸರ್ ಬೇಕಾಗಲೇ ಇಲ್ಲ. ಹಾಗಾಗಿ ಇಂಜೆಕ್ಷನ್‌ನಿಂದ ಶುರುಮಾಡಿ, ಸಾಲದಾದರೆ ಲೇಸರ್ ಸೇರಿಸುವುದು ವಿವೇಕದ ಕ್ರಮ. ಪದೇ ಪದೇ ಆಸ್ಪತ್ರೆಗೆ ಬರಲಾಗದವರಿಗೆ ಮೊದಲೇ ಎರಡನ್ನೂ ಕೊಡುವುದಕ್ಕೂ ಅರ್ಥವಿದೆ.

ಫೋಟೋಡೈನಮಿಕ್ ಚಿಕಿತ್ಸೆಯಲ್ಲಿ ವರ್ಟೆಪೋರ್ಫಿನ್ ಔಷಧವನ್ನು 10 ನಿಮಿಷ ಕೈನರದ ಮೂಲಕ ಇಳಿಸಿ, ಆರಂಭವಾದ 15ನೇ ನಿಮಿಷಕ್ಕೆ 689 ನ್ಯಾನೋಮೀಟರಿನ ತಣ್ಣನೆಯ ಲೇಸರನ್ನು 83 ಸೆಕೆಂಡ್ ಹಾಯಿಸುತ್ತಾರೆ. ಬಳಿಕ ಕನಿಷ್ಠ 48 ಗಂಟೆ, ಹಲವು ವೈದ್ಯರ ಪ್ರಕಾರ ಐದು ದಿನ, ಬಿಸಿಲಿಗೂ ಪ್ರಖರ ದೀಪಕ್ಕೂ ಮೈ ಒಡ್ಡಬಾರದು. ಸನ್‌ಸ್ಕ್ರೀನ್ ಹಚ್ಚಿ ಹೊರಟರೆ ಸಾಲದು, ಕಾಣುವ ಬೆಳಕೇ ಇಲ್ಲಿ ಚರ್ಮ ಸುಡುತ್ತದೆ. ಹಾಗೆಂದು ಕತ್ತಲ ಕೋಣೆಯಲ್ಲಿ ಕೂರಬೇಕಿಲ್ಲ. ಮನೆಯೊಳಗಿನ ಸಾಧಾರಣ ಬೆಳಕು ಚರ್ಮದಲ್ಲಿ ಉಳಿದ ಔಷಧ ನಿಷ್ಕ್ರಿಯವಾಗಲು ನೆರವಾಗುತ್ತದೆ. ಈ ಔಷಧದ ಪೂರೈಕೆ ಕೆಲವು ವರ್ಷಗಳಿಂದ ಜಗತ್ತಿನಾದ್ಯಂತ ಏರುಪೇರಾಗಿರುವುದರಿಂದ ದಿನ ಗೊತ್ತುಮಾಡುವ ಮುನ್ನ ಲಭ್ಯತೆ ವಿಚಾರಿಸಬೇಕು.

ಮ್ಯಾಕ್ಯುಲಾದಡಿ ದಪ್ಪಗೆ ರಕ್ತ ಹೆಪ್ಪುಗಟ್ಟಿದ್ದರೆ ಕಣ್ಣಿನೊಳಗೆ ಅನಿಲ ತುಂಬಿ, ಕೆಲವರಿಗೆ ಹೆಪ್ಪು ಕರಗಿಸುವ ಔಷಧವನ್ನೂ ಕೊಟ್ಟು, ಮುಖ ಕೆಳಗೆ ಮಾಡಿ ಮಲಗಿಸುತ್ತಾರೆ. ಅನಿಲ ಇಳಿಯುವವರೆಗೆ ವಿಮಾನ ಪ್ರಯಾಣ ಸಲ್ಲದು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹೆದರಿ ತಾವಾಗಿಯೇ ನಿಲ್ಲಿಸಬಾರದು.

ರೆಟಿನಾದಲ್ಲಿ ಒಸರಿದ ನೀರು ಆರಿದ ಮೇಲೆ ಭೇಟಿಗಳ ಅಂತರವನ್ನು ವಾರಗಳ ಲೆಕ್ಕದಲ್ಲಿ ಹಿಗ್ಗಿಸುತ್ತಾರೆ; ನೀರು ಮರಳಿದರೆ ಮತ್ತೆ ಕುಗ್ಗಿಸುತ್ತಾರೆ. ಉಬ್ಬುಗಳು ಮುಚ್ಚಿದರೂ ಕವಲು ನಾಳಗಳು ಉಳಿಯುವುದರಿಂದ ವರ್ಷಗಳ ನಂತರವೂ ರೋಗ ಮರುಕಳಿಸಬಹುದು. ಇಂಜೆಕ್ಷನ್ ಆದ ಕೆಲವು ದಿನಗಳೊಳಗೆ ನೋವು ಏರುತ್ತಾ ಹೋಗಿ, ಕಣ್ಣು ಕೆಂಪಾಗಿ, ದೃಷ್ಟಿ ಮಂಜಾದರೆ ಸೋಂಕಿರಬಹುದು. ಮುಂದಿನ ತಾರೀಖಿಗೆ ಕಾಯದೆ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.