ಹಳೇ ಸಾಮಾನು ಆನ್‌ಲೈನ್‌ನ್ಯಾಗ ಮಾರೋರು ಇಷ್ಟು ಓದ್ಕೊಳ್ರಿ

ಪುಣೆಕ್ಕ ಹೊಸದಾಗಿ ಬಂದೋರು ಬಹಳ ಮಂದಿ ಬಾಡಿಗಿ ಮನ್ಯಾಗ ಇರ್ತೀವಿ, ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗೀತಂದ್ರ ಮನಿ ಬದ್ಲಿ, ಹಂಗಾಗಿ ಕೂಲರ್, ಮಂಚ, ಹುಡುಗರ ಸೈಕಲ್ ಓಎಲ್‌ಎಕ್ಸ್‌ಗೆ ಹಾಕೋದು ರೂಢಿ ಆಗ್ತದ, ಕೆಲವ್ರಿಗೆ ಅದೇ ಹವ್ಯಾಸನೂ ಆಗಿಬಿಡ್ತದ. ಛಲೋನೇ ಅದ. ಆದ್ರ ಒಂದು ಮಾತು ಗಟ್ಟಿ ನೆನಪಿಟ್ಕೊಳ್ರಿ: ರೊಕ್ಕ ನಿಮಗ ಬರೋದಿದ್ರ ಯುಪಿಐ ಪಿನ್ ಬೇಕಾಗಂಗಿಲ್ಲ, ಕ್ಯೂಆರ್ ಸ್ಕ್ಯಾನೂ ಮಾಡಬೇಕಾಗಂಗಿಲ್ಲ. ಅವೆರಡೂ ಕೊಡೋರ ಕೆಲಸ.

ನಮ್ಮ ಮನ್ಯಾಗೇ ಆಗಿದ್ದು ಹೇಳ್ತೀನಿ. ಮಗಳ ತೊಟ್ಟಿಲಾ 2,500ಕ್ಕ ಹಾಕಿದ್ವಿ, ಹತ್ತು ನಿಮಿಷದಾಗ ಫೋನ್ ಬಂತು, ಹಿಂದಿಯೊಳಗ ಭಾಳ ಮರ್ಯಾದಿಯಿಂದ ಮಾತಾಡ್ದ, ನಾನು ಫೌಜಿ, ದೇಹೂ ರೋಡ್‌ಗೆ ಪೋಸ್ಟಿಂಗ್ ಆಗೇದ ಅಂತ ಯುನಿಫಾರ್ಮ್ ಫೋಟೋ, ಕಾರ್ಡ್ ಎಲ್ಲಾ ಕಳಿಸ್ದ. ಇಲ್ಲಿ ಖಡಕಿ, ದೇಹೂ ರೋಡ್ ಕಂಟೋನ್ಮೆಂಟ್ ಇರೋದ್ರಿಂದ ಅನುಮಾನನೇ ಬರಂಗಿಲ್ರಿ. ಮೊದ್ಲು 5 ರೂಪಾಯಿ ಖರೇನೇ ಹಾಕಿದ, ಆಮ್ಯಾಲ ಒಂದು ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡ್ರಿ ಉಳಿದದ್ದು ಬರ್ತದ ಅಂದ, ನಮ್ಮಾಕಿ ಪಿನ್ ಹಾಕಿದ್ಲು, 2,500 ಹೋತು, ತಪ್ಪಾಗೇದ ಇನ್ನೊಮ್ಮೆ ಮಾಡ್ರಿ ವಾಪಸ್ ಬರ್ತದ ಅಂದ, ಮತ್ತ 2,500 ಹೋತು. ಸಾಮಾನು ನೋಡಲಾರದ, ಚೌಕಾಶಿನೂ ಮಾಡಲಾರದ ಹ್ಞೂಂ ಅಂದಾಗ್ಲೇ ನಾವು ತಿಳ್ಕೋಬೇಕಿತ್ತು.

ಇನ್ನೂ ಒಂದು ನಮೂನಿ ಅದ. ಹೆಚ್ಚಿಗಿ ಹಾಕಿಬಿಟ್ಟೀನಿ ವಾಪಸ್ ಕಳಿಸ್ರಿ ಅಂತಾರ, ಬ್ಯಾಂಕ್‌ನಿಂದ ಬಂದಂಗ ಮೆಸೇಜೂ ಬಂದಿರ್ತದ. ಮೆಸೇಜ್, ಸ್ಕ್ರೀನ್‌ಶಾಟ್ ಯಾವ್ದೂ ನಂಬಬ್ಯಾಡ್ರಿ, ನಿಮ್ಮ ಬ್ಯಾಂಕ್ ಆಪ್ ತೆಗೆದು ಬ್ಯಾಲೆನ್ಸ್ ನೋಡ್ರಿ, ರೊಕ್ಕ ಕಂಡ ಮ್ಯಾಲೇ ಸಾಮಾನು ಟೆಂಪೋಕ್ಕ ಏರಿಸ್ರಿ. ಎನಿಡೆಸ್ಕ್ (ನಿಮ್ಮ ಫೋನ್ ದೂರದಿಂದ ನೋಡೋ, ನಡಸೋ ಆಪ್) ಹಾಕ್ಕೊಳ್ರಿ ನಾನೇ ಮಾಡಿಕೊಡ್ತೀನಿ ಅಂದ್ರ ಫೋನ್ ಇಟ್ಟುಬಿಡ್ರಿ. ಜಾಹೀರಾತಿನ್ಯಾಗ ಅರ್ಜೆಂಟ್, ಮನಿ ಖಾಲಿ ಮಾಡಾಕತ್ತೀವಿ ಅಂತ ಬರೀಬ್ಯಾಡ್ರಿ, ಅವಸರದಾಗಿರೋರನ್ನೇ ಹುಡುಕ್ತಾರ ಇವ್ರು. ಫ್ಲಾಟ್ ನಂಬರೂ ಬ್ಯಾಡ. ಸಣ್ಣ ಸಾಮಾನಿದ್ರ ಸೊಸೈಟಿ ಗೇಟಿಗೆ ಇಲ್ಲಾ ಮೆಟ್ರೋ ಸ್ಟೇಷನ್‌ಗೆ ಕರೀರಿ, ಫ್ರಿಜ್ಜು ಮಂಚ ನೋಡಾಕ ಒಳಗ ಬರೋದಿದ್ರ ಮನ್ಯಾಗ ಇಬ್ಬರರೆ ಇರ್ರಿ.

ಮೊಬೈಲ್ ಮಾರೋದಿದ್ರ ಸಿಮ್, ಮೆಮರಿ ಕಾರ್ಡ್ ತೆಗೆದು, ಗೂಗಲ್ ಅಕೌಂಟ್ ತೆಗೆದು, ಆಮ್ಯಾಲ ಫ್ಯಾಕ್ಟರಿ ರೀಸೆಟ್.

ಊರಿಂದ ತಂದ ಕೆಎ ಗಾಡಿ ಮಾರೋರು ಸ್ವಲ್ಪ ತಡೀರಿ. ಬರೇ ಚಾವಿ ಕೊಟ್ಟು ರೊಕ್ಕ ಇಸ್ಕೊಂಡ್ರ ಆಗಂಗಿಲ್ಲ, ಅಲ್ಲಿ ಆರ್‌ಟಿಓದಿಂದ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ) ಬೇಕು, ಫಾರ್ಮ್ 29, 30 ತುಂಬಿ ಹೆಸರು ಬದ್ಲಿ ಆಗೋತನಕ ಬೆನ್ನು ಹತ್ತಬೇಕು. ಆರ್‌ಸಿಯೊಳಗ ಯಾರ ಹೆಸರದನೋ ಅವ್ರೇ ಮಾಲಕ್ರು, ಆಕ್ಸಿಡೆಂಟಿನ ಪರಿಹಾರದ ಹೊಣೆ ಅವ್ರ ಮ್ಯಾಲೇ ಅಂತ ಸುಪ್ರೀಂ ಕೋರ್ಟ್ 2018ರಾಗ ಹೇಳೇದ.

ಇಷ್ಟಾದ್ರೂ ರೊಕ್ಕ ಹೋತಂದ್ರ ನಾಚ್ಕೊಂಡು ಕೂಡಬ್ಯಾಡ್ರಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ, ಮೋಸಗಾರ್ರು ರೊಕ್ಕ ತೆಗೆಯೋದ್ರೊಳಗ ತಡೆ ಹಿಡಿದ್ರ ವಾಪಸ್ ಸಿಗೋ ದಾರಿ ಇರ್ತದ, ನಿಮ್ಮ ಬ್ಯಾಂಕಿಗೂ ಹೇಳ್ರಿ, ಚಾಟ್ ಅಳಿಸಬ್ಯಾಡ್ರಿ. ಮರಾಠಿ ಬರಂಗಿಲ್ಲ ಅಂತ ಪೊಲೀಸ್ ಠಾಣೆಗೆ ಹೋಗಾಕ ಹಿಂಜರಿದ್ರ ಇಲ್ಲಿನ ನಮ್ಮ ಕನ್ನಡ ಸಂಘಕ್ಕ ಹೇಳ್ರಿ, ನಮ್ಮೊಳಗ ಯಾರರೆ ಜೊತಿಗೆ ಬರ್ತೀವಿ.