ಮಂಡಿ ಸವೆತಕ್ಕೆ ನಾನು ಇಳಿಸಿದ್ದು ಬರೀ ತೂಕ ಅಲ್ಲ, ಕೊಬ್ಬು

ಮಂಡಿ ಸವೆದಿದೆ ಅಂತ ಎಕ್ಸ್‌ರೇ ರಿಪೋರ್ಟ್ ಬಂದ್ರೆ ಸಾಕು, ಎಲ್ರೂ ಹೇಳೋದು ಒಂದೇ, ತೂಕ ಇಳಿಸಿ. ನಂಗೂ ಅದನ್ನೇ ಹೇಳಿದ್ರು. ಆದ್ರೆ ನನ್ನ ಫಿಸಿಯೋಥೆರಪಿಸ್ಟ್ ಮೊದಲನೇ ಸಲನೇ ಕೇಳಿದ್ದು ತೂಕ ಎಷ್ಟು ಅಂತಲ್ಲ, ಸೊಂಟದ ಸುತ್ತಳತೆ ಎಷ್ಟು ಅಂತ. ಮಂಡಿಗೂ ಹೊಟ್ಟೆಗೂ ಏನ್ ಸಂಬಂಧ ಅನ್ನಿಸ್ತು, ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು.

ಭಾರದ ಲೆಕ್ಕ ಇದ್ದೇ ಇದೆ. ಮೆಸ್ಸಿಯರ್ ಅನ್ನೋ ಸಂಶೋಧಕರ ತಂಡ 2005ರಲ್ಲಿ ತೋರಿಸಿದ್ದು ಏನಂದ್ರೆ, ದಪ್ಪ ಇರೋ ಸವೆತದ ಪೇಷೆಂಟ್ ಒಂದು ಕೆಜಿ ಇಳಿಸಿದ್ರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಬೀಳೋ ಒತ್ತಡ ಸುಮಾರು ನಾಲ್ಕು ಕೆಜಿಯಷ್ಟು ಕಮ್ಮಿ ಆಗತ್ತೆ. ಸರಿ, ಒಪ್ಕೊಳ್ಳೋಣ. ಹಾಗಾದ್ರೆ ದಪ್ಪ ಇರೋರಲ್ಲಿ ಕೈಬೆರಳ ಕೀಲೂ ಜಾಸ್ತಿ ಸವೆಯೋದ್ ಯಾಕೆ? ಕೈ ಮೇಲೆ ಯಾರೂ ನಡೆಯಲ್ವಲ್ಲ! ಕೊಬ್ಬು ಅಂದ್ರೆ ಸುಮ್ನೆ ಕೂತಿರೋ ಗೋಡೌನ್ ಅಲ್ಲ, ಅದು ಲೆಪ್ಟಿನ್ ಅನ್ನೋ ಹಾರ್ಮೋನು, ಐಎಲ್-6 ಅನ್ನೋ ಉರಿಯೂತದ ಪ್ರೋಟೀನು, ಇಂಥದ್ದನ್ನ ರಕ್ತಕ್ಕೆ ಬಿಡ್ತಾನೇ ಇರತ್ತೆ, ಅವು ಕೀಲಿನ ಒಳಗೂ ಹೋಗಿ ಉರಿಯೂತಕ್ಕೆ, ಕಾರ್ಟಿಲೇಜ್ (ಕೀಲಲ್ಲಿ ಮೂಳೆ ತುದಿಗಿರೋ ನುಣುಪಾದ ಹೊದಿಕೆ) ಹಾಳಾಗೋಕೆ ಕುಮ್ಮಕ್ಕು ಕೊಡ್ತವೆ. ಮಂಡಿ ಚಿಪ್ಪಿನ ಕೆಳಗೇ ಹೋಫಾ ಪ್ಯಾಡ್ ಅಂತ ಒಂದು ಕೊಬ್ಬಿನ ಗುಡ್ಡೆ ಇದೆ, ಸಣ್ಣಗಿರೋರಿಗೂ ಇರತ್ತೆ, ಸವೆತ ಶುರುವಾದ ಮಂಡೀಲಿ ಅದೂ ಇಂಥದ್ದೇ ಕೆಲ್ಸ ಮಾಡತ್ತೆ. ನಂಗೆ ತುಂಬಾ ಆಶ್ಚರ್ಯ ಆಗಿದ್ದು 2021ರ ಒಂದು ಇಲಿ ಪ್ರಯೋಗ: ಮೈಯಲ್ಲಿ ಕೊಬ್ಬೇ ಇಲ್ದಂಗೆ ಹುಟ್ಟಿಸಿದ ಇಲಿಗಳಿಗೆ ಮಂಡಿ ಗಾಯ ಮಾಡಿದ್ರೂ ಸವೆತ ಬರ್ಲಿಲ್ಲ, ಸ್ವಲ್ಪ ಕೊಬ್ಬು ಕಸಿ ಮಾಡಿದ ತಕ್ಷಣ ಆ ರಕ್ಷಣೆ ಹೋಯ್ತು. ಇಲಿ ಇಲಿನೇ, ಮನುಷ್ಯ ಅಲ್ಲ, ಆದ್ರೂ.

ಇಷ್ಟು ತಿಳಿದ್ಮೇಲೆ ಪಟ್ಟಂತ ತೂಕ ಇಳಿಸೋ ಡಯಟ್ ನಂಗೆ ಬೇಡ ಅನ್ನಿಸ್ತು. ಅದ್ರಲ್ಲಿ ಕೊಬ್ಬಿನ ಜೊತೆ ಮಾಂಸಖಂಡನೂ ಹೋಗತ್ತೆ, ತೊಡೆ ಮುಂದಿನ ಕ್ವಾಡ್ರಿಸೆಪ್ಸ್ ವೀಕ್ ಆದ್ರೆ ಮಂಡಿ ಪೆಟ್ಟು ತಡ್ಕೊಳ್ಳೋದು ಹೇಗೆ? ಅದಕ್ಕೆ ಊಟ ನಿಧಾನವಾಗಿ ಕಮ್ಮಿ ಮಾಡ್ದೆ, ಪ್ರತಿ ಊಟದಲ್ಲೂ ಪ್ರೋಟೀನ್ ಬಿಡ್ಲಿಲ್ಲ, ಸಕ್ಕರೆ ಹಾಕಿದ ಪಾನೀಯ ಪೂರ್ತಿ ಬಂದ್.

ವ್ಯಾಯಾಮ ಶುರು ಮಾಡಿದ್ದು ಮಲಗಿ ಕಾಲು ನೆಟ್ಟಗೆ ಎತ್ತೋದ್ರಿಂದ, ಆಮೇಲೆ ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ದಿನ ಕಳೆದಂಗೆ ಕುರ್ಚಿ ತಗ್ಗಿಸ್ತಾ ಬಂದೆ, ಜೊತೆಗೆ ಮುಂದೆ ಹೋಗದೆ ಇದ್ದಲ್ಲೇ ಇರೋ ವ್ಯಾಯಾಮದ ಸೈಕಲ್. ನೋವು ಬಂದ್ರೆ ನಿಲ್ಲಿಸ್ಬೇಕಾ ಅಂತ ಎಲ್ರಿಗೂ ಡೌಟು. ನಂಗೆ ಹೇಳಿಕೊಟ್ಟಿದ್ದು ಸಿಂಪಲ್, ಮಾಡುವಾಗ ಸ್ವಲ್ಪ ನೋವು ಪರ್ವಾಗಿಲ್ಲ, ಮಾರನೇ ದಿನಕ್ಕೆ ಮೊದಲಿನ ಮಟ್ಟಕ್ಕೆ ಇಳೀಬೇಕು, ಮಂಡಿ ಊದ್ಕೋಬಾರ್ದು. ಊದ್ಕೊಂಡ್ರೆ ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ಶುರು.

ಡಯಟ್ ಒಂದೇ ಅಥವಾ ವ್ಯಾಯಾಮ ಒಂದೇ ಸಾಕಲ್ವಾ ಅಂತ ಕೇಳೋರಿಗೆ: 2013ರಲ್ಲಿ ಬಂದ ಐಡಿಯಾ (IDEA) ಅನ್ನೋ ಅಧ್ಯಯನದಲ್ಲಿ ಮಂಡಿ ಸವೆತ ಇರೋ, ದಪ್ಪ ಇರೋ 454 ಜನರನ್ನ 18 ತಿಂಗಳು ನೋಡಿದ್ರು, ಎರಡನ್ನೂ ಸೇರಿಸಿ ಮಾಡಿದೋರಿಗೇ ನೋವು ಬೇರೆಯವರಿಗಿಂತ ಜಾಸ್ತಿ ಇಳಿದಿದ್ದು.

ಮಧ್ಯದಲ್ಲಿ ತೂಕದ ಮೆಷೀನ್ ಮುಳ್ಳು ಅಲ್ಲೇ ನಿಂತ್‌ಬಿಡ್ತು, ಆದ್ರೆ ಟೇಪಲ್ಲಿ ಸೊಂಟ ಇಳೀತಾ ಇತ್ತು, ಮೆಟ್ಟಿಲು ಹತ್ತೋದೂ ಸುಲಭ ಆಗ್ತಾ ಬಂತು. ಟೇಪ್ ಇಲ್ದಿದ್ರೆ ಅಲ್ಲಿಗೇ ಬಿಡ್ತಿದ್ದೆ ಅನ್ಸತ್ತೆ. ಬೆಳಿಗ್ಗೆ ಖಾಲಿ ಹೊಟ್ಟೆಲಿ, ಹೊಟ್ಟೆ ಒಳಗೆ ಎಳ್ಕೊಳ್ದೆ, ಪ್ರತಿ ಸಲ ಅದೇ ಜಾಗದಲ್ಲಿ ಅಳೀರಿ.

ಈಗ ತೂಕ ಇಳಿಸೋ ಇಂಜೆಕ್ಷನ್ ಬಗ್ಗೆ ಸುಮಾರು ಜನ ಕೇಳ್ತಾರೆ. ಅಂಥ ಒಂದು ಇಂಜೆಕ್ಷನ್ ಸೆಮಾಗ್ಲುಟೈಡ್, ಅದನ್ನ ತಗೊಂಡ ಬೊಜ್ಜಿನ ಪೇಷೆಂಟ್‌ಗಳಿಗೆ ಮಂಡಿ ನೋವು ಚೆನ್ನಾಗೇ ಕಮ್ಮಿ ಆಗಿದ್ದು 2024ರ ಟ್ರಯಲ್‌ನಲ್ಲಿ ಬಂದಿದೆ. ನಾನು ತಗೊಂಡಿಲ್ಲ, ಬೇಕಿದ್ದೋರು ಡಾಕ್ಟರ್ ಹತ್ರ ಮಾತಾಡಿ, ಆದ್ರೆ ತೊಡೆ ವ್ಯಾಯಾಮ ಮಾತ್ರ ಅದರ ಜೊತೆಗೂ ಬೇಕೇ ಬೇಕು. ಇನ್ನೊಂದು, ಹೋದ ಕಾರ್ಟಿಲೇಜ್ ಇದ್ರಿಂದ ವಾಪಸ್ ಬರಲ್ಲ. ಕಮ್ಮಿ ಆಗಿದ್ದು ನನ್ನ ನೋವು, ಇಳಿಜಾರು ಇಳಿಯುವಾಗ ಈಗ್ಲೂ ಸ್ವಲ್ಪ ಹಿಡಿಯತ್ತೆ, ಅಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಾಕ್ತೀನಿ.